ಕಮಾನಿನಲ್ಲಿ ನಿಂತ ಗಾಳಿ

ಬೆಂಗಳೂರಿನಲ್ಲಿ ಒಂದು ಮನೆಯ ಕೋಣೆಗಳನ್ನು ಬಿಸಿನೀರಿನಿಂದ ಕಾಯಿಸುವ ಪೈಪು ಹಾಕಿಕೊಟ್ಟಿದ್ದೇನೆ ಎಂದರೆ ನನ್ನ ಜೊತೆಯ ಪ್ಲಂಬರುಗಳೇ ನಂಬುವುದಿಲ್ಲ. ಇಲ್ಲಿ ಜನ ಫ್ಯಾನು ಕೇಳುತ್ತಾರೆ, ಏಸಿ ಕೇಳುತ್ತಾರೆ. ಮನೆ ಬೆಚ್ಚಗೆ ಮಾಡಿಕೊಡಿ ಎಂದು ಕೇಳಿದವರು ನನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಬ್ಬರೇ. ಆ ಮನೆಯಲ್ಲಿ ಕಳೆದ ಡಿಸೆಂಬರಿನ ನಾಲ್ಕು ದಿನ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರವಾಗುತ್ತದೆ ಎಂದು ಯಾರೋ ಹೇಳಿದರು. ನನಗೆ ಆ ನಂಬಿಕೆಯೇನೂ ಇಲ್ಲ.

ಮನೆ ಇರುವುದು ಸಿ.ವಿ. ರಾಮನ್ ನಗರದ ಒಂದು ಅಡ್ಡರಸ್ತೆಯಲ್ಲಿ. ಕಾರ್ಖಾನೆಗಳಿಂದ ನಿವೃತ್ತರಾದವರೇ ಹೆಚ್ಚಾಗಿರುವ ಬೀದಿ ಅದು. ಯಜಮಾನರು ಕಾರ್ಖಾನೆಯೊಂದರ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದವರು, ನಾನು ಅವರನ್ನು ಸಾರ್ ಎನ್ನುತ್ತೇನೆ. ಅವರ ಹೆಂಡತಿ ಟೆಲಿಫೋನ್ ಕಾರ್ಖಾನೆಯ ಸೋಲ್ಡರಿಂಗ್ ವಿಭಾಗದಲ್ಲಿದ್ದವರು. ನನಗಿಂತ ಹತ್ತೇ ವರ್ಷ ದೊಡ್ಡವರಾದರೂ ಅವರನ್ನು ಅಮ್ಮ ಎಂದೇ ಕರೆದು ಅಭ್ಯಾಸವಾಗಿದೆ. ಕೆಲಸ ಬಿಟ್ಟ ಮೇಲೂ ಅಮ್ಮನ ಕೈ ಸುಮ್ಮನಿರಲಿಲ್ಲ. ಬೀದಿಯವರ ಟಿವಿ ರಿಮೋಟು, ಮಿಕ್ಸಿ, ಹಬ್ಬದ ಸೀರಿಯಲ್ ಸೆಟ್ಟು ಎಲ್ಲವೂ ಅವರ ಅಡುಗೆಮನೆಯ ಮೇಜಿಗೆ ಬಂದು ಸೇರುತ್ತಿದ್ದವು. ಕೂದಲಿನಂಥ ತಂತಿಯನ್ನು ಎರಡು ಬೆರಳ ನಡುವೆ ಹಿಡಿದು ಅವರು ಬೆಸುಗೆ ಹಾಕುವುದನ್ನು ನಾನು ಕೆಲಸ ಬಿಟ್ಟು ನಿಂತು ನೋಡಿದ್ದೇನೆ. ನನ್ನಂಥ ರೆಂಚು ಹಿಡಿಯುವವನಿಗೆ ಅದು ಬೇರೆಯೇ ಲೋಕ.

ಎಂಟು ವರ್ಷದ ಹಿಂದೆ ಆ ಬೆರಳುಗಳಿಗೇ ಕಾಯಿಲೆ ಬಂತು. ಚಳಿ ತಗುಲಿದರೆ ಬೆರಳ ತುದಿಗೆ ರಕ್ತ ಹರಿಯುವುದು ನಿಂತುಬಿಡುತ್ತದೆ. ಮೊದಲು ಸುಣ್ಣದ ಹಾಗೆ ಬೆಳ್ಳಗಾಗುತ್ತವೆ, ಆಮೇಲೆ ನೀಲಿ. ತುಂಬ ಹೊತ್ತು ಹಾಗೇ ಉಳಿದರೆ ತುದಿ ಸತ್ತುಹೋಗಬಹುದು, ಮನೆಯನ್ನು ಬೆಚ್ಚಗಿಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅದೇ ಕಾಯಿಲೆ ಶ್ವಾಸಕೋಶಕ್ಕೂ ಇಳಿದಿತ್ತು. ಕೆಂಪಗೆ ಉರಿಯುವ ಕರೆಂಟಿನ ಹೀಟರ್ ಹಚ್ಚಿದರೆ ಕೋಣೆಯ ಗಾಳಿ ಒಣಗಿ, ಅಮ್ಮನಿಗೆ ಬಿಡದೆ ಕೆಮ್ಮು ಬರುತ್ತಿತ್ತು. ಆಗ ಸಾರ್ ತಲೆ ಓಡಿಸಿದರು. ಕಬ್ಬಿಣದ ಪೈಪುಗಳನ್ನು ಕಿಟಕಿ ಗ್ರಿಲ್ಲಿನಂತೆ ಬೆಸೆಸಿ ಮೂರು ರೇಡಿಯೇಟರ್ ಮಾಡಿಸಿದರು. ಒಂದು ಮಲಗುವ ಕೋಣೆಗೆ, ಒಂದು ಹಾಲಿಗೆ, ಒಂದು ಅಡುಗೆಮನೆಯ ಮೇಜಿನ ಪಕ್ಕಕ್ಕೆ. ತಾರಸಿಯ ಸೋಲಾರ್ ಟ್ಯಾಂಕಿನ ಬಿಸಿನೀರು ಸಣ್ಣ ಪಂಪಿನ ಮೂಲಕ ಇಳಿದು, ಮೂರರಲ್ಲೂ ಸುತ್ತಿ, ಮತ್ತೆ ಮೇಲಕ್ಕೆ ಹೋಗಬೇಕು. ಮೋಡದ ದಿನಕ್ಕೆ ಟ್ಯಾಂಕಿನಲ್ಲೇ ಕರೆಂಟಿನ ಕಾಯಿಲ್ ಇತ್ತು. ಲೆಕ್ಕಾಚಾರ ಅವರದು, ಪೈಪು ಜೋಡಿಸಿದ ಕೈ ನನ್ನದು.

ತಾರಸಿಯಲ್ಲಿ ಪೈಪು ನೆಲದ ಮೇಲೇ ಹಾದುಹೋಗಬೇಕಿತ್ತು. ಆದರೆ ಮೆಟ್ಟಿಲಿನಿಂದ ಬಟ್ಟೆ ಒಣಗಿಸುವ ತಂತಿಗೆ ಹೋಗುವ ದಾರಿ ನಡುವೆ ಬರುತ್ತದೆ. ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬರುವಾಗ ಕಾಲಿಗೆ ತೊಡರುತ್ತದೆ ಎಂದರು ಅಮ್ಮ. ಹಾಗಾದರೆ ಪೈಪನ್ನು ದಾರಿಯ ಮೇಲೆ ಎತ್ತಿ ದಾಟಿಸೋಣ ಎಂದೆ. ಎಷ್ಟು ಎತ್ತರ ಬೇಕು ಎಂದು ಕೇಳಿದಾಗ ಅಮ್ಮ ಹೆಗಲ ಮೇಲೆ ಹಿಂಡಿದ ಸೀರೆ ಹಾಕಿಕೊಂಡು ಬಂದು, ಕೈ ಮೇಲೆತ್ತಿ ನಿಂತರು. "ಇಷ್ಟು. ತಲೇನೂ ತಾಗ್ಬಾರ್ದು, ಸೀರೇನೂ ತಾಗ್ಬಾರ್ದು." ನಾನು ಪೆನ್ಸಿಲಿನಿಂದ ಗೋಡೆಗೆ ಗೀಟು ಹಾಕಿಕೊಂಡೆ. ಏಳಡಿ ಆಯಿತು. ಬಾಗಿಲಿನ ಚೌಕಟ್ಟಿನ ಆಕಾರದ್ದಾದರೂ ನಾವು ಅದಕ್ಕೆ ಕಮಾನು ಎಂದೇ ಹೆಸರಿಟ್ಟೆವು. ಅದನ್ನು ಹಾಕಿದ ದಿನ ಅಮ್ಮ ಅದರಡಿ ಎರಡು ಸಲ ಓಡಾಡಿ, ಅರಮನೆಗೆ ಹೋದ ಹಾಗಾಯಿತು ಎಂದು ನಕ್ಕಿದ್ದರು.

ಆಗ ಈ ಪೈಪುಗಳಿಗೆ ನೀರು ತುಂಬಿಸುವ ತಣ್ಣೀರಿನ ಟ್ಯಾಂಕು ಮೆಟ್ಟಿಲ ಗೂಡಿನ ಮಾಡಿನ ಮೇಲಿತ್ತು, ಕಮಾನಿಗಿಂತ ಎಷ್ಟೋ ಎತ್ತರ. ಎರಡು ವರ್ಷದ ಹಿಂದೆ ಆ ಮಾಡು ಬಿರುಕು ಬಿಟ್ಟು ಸೋರತೊಡಗಿತು. ಟ್ಯಾಂಕನ್ನು ಕೆಳಗಿಳಿಸಿ ತಾರಸಿಯ ಮೇಲೆ ಸಣ್ಣ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಕೂರಿಸಿದವನು ನಾನೇ, ಬೇರೆ ಯಾರೂ ಅಲ್ಲ. ರೇಡಿಯೇಟರುಗಳು ಮೊದಲಿನ ಹಾಗೆಯೇ ಕಾಯುತ್ತಿದ್ದವು, ನಾನು ಮತ್ತೆ ಅದರ ಬಗ್ಗೆ ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಸಾರ್ ಫೋನು ಮಾಡಿದರು. ಮಲಗುವ ಕೋಣೆಯ ರೇಡಿಯೇಟರ್ ತಳದಲ್ಲಿ ತೊಟ್ಟಿಕ್ಕುತ್ತಿದೆ ಎಂದರು. ಕೆ.ಆರ್. ಪುರದ ನನ್ನ ಮನೆಯಿಂದ ಸ್ಕೂಟರಿನಲ್ಲಿ ಹೊರಟೆ. ತೂಗುಸೇತುವೆಯ ಹತ್ತಿರದ ಟ್ರಾಫಿಕ್ಕಿಗೆ ಬೈದುಕೊಳ್ಳುತ್ತಾ ಅಲ್ಲಿಗೆ ಮುಟ್ಟುವಾಗ ಹತ್ತು ಗಂಟೆ. ಟ್ಯಾಂಕರಿನ ಗಡಸು ನೀರಿಗೆ ಪೈಪು ಒಳಗಿಂದ ತಿಂದುಹೋಗಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಬೆಸುಗೆ ಹಾಕಬೇಕೆಂದರೆ ನೀರು ಪೂರ್ತಿ ಬಸಿಯಬೇಕು. ಎಂಟು ವರ್ಷದಲ್ಲಿ ಆ ಸಾಲನ್ನು ಒಮ್ಮೆಯೂ ಖಾಲಿ ಮಾಡಿರಲಿಲ್ಲ. ಕೆಳಗಿನ ವಾಲ್ವ್ ಬಿಚ್ಚಿದಾಗ ಟೀ ಬಣ್ಣದ ನೀರು, ಅದರ ಹಿಂದೆ ಸುಣ್ಣದ ಚಕ್ಕೆ ಬಂತು. ರೇಡಿಯೇಟರನ್ನು ಬಿಚ್ಚಿ, ಬೆಸುಗೆ ಹಾಕಿಸಿ ತಂದು ಕೂರಿಸುವಾಗ ಮಧ್ಯಾಹ್ನ ಕಳೆದಿತ್ತು.

ಬೋರಿನ ಮೋಟರ್ ಲೈನಿಗೆ ಹೋಸ್ ಸಿಕ್ಕಿಸಿ ಕೆಳಗಿನಿಂದ ನೀರು ತುಂಬಿಸಿದೆ. ಪಂಪು ಹಾಕಿದೆ. ಅಡುಗೆಮನೆಯದು ಕಾಯಿತು, ಹಾಲಿನದು ಅರ್ಧದವರೆಗೆ ಕಾಯಿತು, ಮಲಗುವ ಕೋಣೆಯದು ತಣ್ಣಗೆ ಕೂತಿತ್ತು. ಇದೇನೂ ಹೊಸದಲ್ಲ. ತುಂಬಿಸಿದ ಮೇಲೆ ಒಳಗೆ ಗಾಳಿ ಸಿಕ್ಕಿಕೊಂಡರೆ ನೀರು ಮುಂದೆ ಹೋಗುವುದಿಲ್ಲ. ಪ್ರತಿ ರೇಡಿಯೇಟರಿನ ನೆತ್ತಿಯಲ್ಲೂ ಒಂದು ಹಿತ್ತಾಳೆಯ ಸ್ಕ್ರೂ ಇದೆ, ಸಾರ್ ತಾವೇ ಕಡೆದು ಮಾಡಿದ್ದು. ಬಟ್ಟೆ ಹಿಡಿದು, ಒಂದು ಸುತ್ತು ಸಡಿಲಿಸಿದರೆ ಗಾಳಿ ಬುಸ್ಸೆಂದು ಹೋಗಿ ನೀರು ಚಿಮ್ಮುತ್ತದೆ, ಆಗ ಬಿಗಿಯಬೇಕು. ಮೂರಕ್ಕೂ ಹಾಗೆ ಮಾಡಿದೆ. ಮೂರೂ ಬಿಸಿಯಾದವು. ಅಮ್ಮ ಮಲಗುವ ಕೋಣೆಯಲ್ಲಿ ಎರಡೂ ಅಂಗೈ ಅದಕ್ಕೆ ಒತ್ತಿ ನಿಂತುಕೊಂಡು, "ಮೇಸ್ತ್ರಿ, ಇವತ್ತು ನಿಮ್ಗೆ ಕಾಫಿಗೆ ಎರಡು ಚಮಚ ಸಕ್ಕರೆ" ಎಂದರು.

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೂರೂ ತಣ್ಣಗಾಗಿದ್ದವು.

ತಾರಸಿಗೆ ಹೋದೆ. ಪಂಪಿಗೆ ಕಿವಿ ಕೊಟ್ಟರೆ ಒಣ ಸದ್ದು. ಸ್ಪ್ಯಾನರಿನಿಂದ ಪೈಪನ್ನು ತಟ್ಟುತ್ತಾ ಹೋದೆ. ನೆಲದ ಮೇಲೆ ತುಂಬಿದ ಸದ್ದು, ಕಮಾನಿನ ಮೇಲೆ ಟಣ್ ಎಂದು ಖಾಲಿ ಸದ್ದು. ಆಗ ತಿರುಗಿ ನೀರಿನ ಟ್ಯಾಂಕನ್ನು ನೋಡಿದೆ. ಟೇಪು ಹಿಡಿದೆ. ಕಮಾನು ಏಳಡಿ. ಟ್ಯಾಂಕು ಕಂಠದವರೆಗೆ ತುಂಬಿದಾಗ ನೀರಿನ ಮಟ್ಟ ಆರಡಿ. ನೀರು ತನ್ನ ಮಟ್ಟ ಬಿಟ್ಟು ಒಂದಡಿ ಮೇಲೆ ತಾನಾಗಿ ಹತ್ತುವುದಿಲ್ಲ. ಇಷ್ಟು ದಿನ ಸಾಲು ಪೂರ್ತಿ ತುಂಬಿದ್ದರಿಂದ ಹಿಂದಿನ ನೀರನ್ನು ಮುಂದಿನದು ಎಳೆದುಕೊಂಡು ಕಮಾನು ದಾಟಿಸುತ್ತಿತ್ತು. ನಾನು ಬಸಿದ ಕೂಡಲೇ ಆ ಹಿಡಿತ ಕಡಿಯಿತು. ಈಗ ಹೋಸಿನ ಜೋರಿಗೆ ತುಂಬಿದರೂ ಕಾದ ನೀರಿನಿಂದ ಗಾಳಿ ಗುಳ್ಳೆಯೆದ್ದು ಮತ್ತೆ ಅಲ್ಲಿಯೇ ಸೇರುತ್ತದೆ. ಮೇಲೆ ಗಾಳಿ ಬಿಡುವ ಸ್ಕ್ರೂ ಹಾಕಿದರೂ ಪ್ರಯೋಜನವಿಲ್ಲ, ಒಳಗಿನ ಗಾಳಿ ಹೊರಗೆ ಹೋಗುವ ಬದಲು ಹೊರಗಿನದೇ ಒಳಗೆ ಬರುತ್ತದೆ. ಟ್ಯಾಂಕು ಇಳಿಸಿದಾಗಲೇ ನೋಡಬೇಕಿದ್ದ ಲೆಕ್ಕ ಅದು. ನನ್ನ ಮೇಲೆ ನನಗೇ ಸಿಟ್ಟು ಬಂತು.

ದಾರಿ ಎರಡೇ. ಒಂದು, ಟ್ಯಾಂಕನ್ನು ಎರಡಡಿ ಎತ್ತುವುದು. ಇನ್ನೊಂದು, ಕಮಾನನ್ನು ಕತ್ತರಿಸಿ ಪೈಪನ್ನು ನೆಲಕ್ಕೆ ಇಳಿಸುವುದು. ಎರಡನೆಯದು ಒಂದು ಗಂಟೆಯ ಕೆಲಸ. ಹ್ಯಾಕ್ಸಾ, ಪೈಪಿಗೆ ತಿರುಪು ಕೊರೆಯುವ ಡೈ ಸೆಟ್ಟು, ಪೈಪು ಜೋಡಿಸುವ ಯೂನಿಯನ್ ಎಲ್ಲವೂ ಸ್ಕೂಟರಿನ ಡಬ್ಬಿಯಲ್ಲಿಯೇ ಇದ್ದವು.

ಸಾರ್ ಮೇಲೆ ಬಂದರು. ನಾನು ಟ್ಯಾಂಕು, ಕಮಾನು, ಮಟ್ಟ ಎಲ್ಲ ವಿವರಿಸಿದೆ. ಟೂಲ್‌ರೂಮಿನವರಿಗೆ ಎರಡು ಸಲ ಹೇಳಬೇಕಾಗಿಲ್ಲ. ತಲೆಯಾಡಿಸಿದರು. "ಅದಕ್ಕೆ ಸಾರ್, ಈ ಕಮಾನನ್ನ—" ಎಂದು ಬಾಯಿ ತೆರೆದೆ.

"ಕಮಾನಿಗೆ ಏನೂ ಮಾಡೋದು ಬೇಡ" ಎಂದರು. "ಅವಳು ಓಡಾಡೋ ದಾರಿ ಅದು. ಈ ಚಳಿ ಒಂದು ಕಳೀಲಿ. ಸಂಕ್ರಾಂತಿ ಆದ್ಮೇಲೆ ಬಿಸಿಲು ಬರುತ್ತೆ, ಮೇಲೆ ಬರ್ತಾಳೆ. ಟ್ಯಾಂಕೇ ಎತ್ತೋಣ."

ಅಮ್ಮ ಮೆಟ್ಟಿಲು ಹತ್ತಿ ಒಂದು ವರ್ಷದ ಮೇಲಾಗಿತ್ತು. ಹಾಲಿನಿಂದ ಅಡುಗೆಮನೆಗೆ ಬಂದರೆ ಕುರ್ಚಿ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಸಾರ್‌ಗೆ ಅದು ಗೊತ್ತಿಲ್ಲದ ಸಂಗತಿಯಲ್ಲ, ನನಗೂ ಅಲ್ಲ. ನಾನು ಬಾಯಿಬಡುಕ. ಬೇಡದ ಕಡೆ ಮಾತಾಡಿ ಎಷ್ಟೋ ಮನೆಯ ಕೆಲಸ ಕಳೆದುಕೊಂಡಿದ್ದೇನೆ. ಅವತ್ತು ಮಾತ್ರ ಬಾಯಿ ಕಟ್ಟಿತು. ಸಾರ್ ಕಮಾನಿನ ಕಾಲಿಗೆ ಕೈ ಇಟ್ಟುಕೊಂಡು ನಿಂತಿದ್ದರು. "ಆಯ್ತು ಸಾರ್, ಸ್ಟ್ಯಾಂಡ್ ಮಾಡಿಸ್ತೀನಿ" ಎಂದುಬಿಟ್ಟೆ. ಕತ್ತರಿಸಿದರೆ ಒಂದೇ ಗಂಟೆ ಎಂಬ ಮಾತನ್ನು ಹೇಳಲೇ ಇಲ್ಲ.

ಸಿಮೆಂಟಿನ ಹಾಲೋ ಬ್ಲಾಕ್ ಇಟ್ಟು ಎತ್ತಬಹುದೇ ಎಂದೂ ನೋಡಿದೆ. ಆ ಮೂಲೆಯಲ್ಲಿ ತಾರಸಿ ಮೊದಲೇ ಒಡೆದು ತೇಪೆ ಹಾಕಿಸಿಕೊಂಡಿದೆ, ಅಷ್ಟು ಭಾರ ತಡೆಯುವುದಿಲ್ಲ. ತೊಲೆಯಿಂದ ತೊಲೆಗೆ ಕೂರುವಂಥ ಕಬ್ಬಿಣದ ಸ್ಟ್ಯಾಂಡೇ ಆಗಬೇಕು. ಅಳತೆ ಬರೆದುಕೊಂಡು ಹಲಸೂರಿನ ನನ್ನ ಗುರುತಿನ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವನು ಅರ್ಧ ಕನ್ನಡ ಅರ್ಧ ದಖನಿ ಮಾತಾಡುವ ಮನುಷ್ಯ, ಕೆಲಸ ಮಾತ್ರ ಅಚ್ಚುಕಟ್ಟು. "ನಾಳೆ ಸಂಜೆ ತಗೊಂಡ್ ಹೋಗಿ ಭಾಯ್, ಪಕ್ಕಾ" ಎಂದ.

ಮಂಗಳವಾರ ಬೆಳಿಗ್ಗೆ ಎದ್ದರೆ ಆಕಾಶ ಬೂದಿ ಬಣ್ಣ. ಸಮುದ್ರದ ಕಡೆ ಎಲ್ಲೋ ಸೈಕ್ಲೋನು, ಇಲ್ಲಿ ಜಿಟಿಜಿಟಿ ಮಳೆ, ಮೂಳೆಗೆ ಇಳಿಯುವ ಗಾಳಿ. ಸ್ಟ್ಯಾಂಡ್ ಬರುವವರೆಗೆ ಹೇಗಾದರೂ ದಿನ ನೂಕಬೇಕೆಂದು ಮತ್ತೆ ಹೋಸ್ ಸಿಕ್ಕಿಸಿ ನೀರು ನೂಕಿದೆ. ರೇಡಿಯೇಟರುಗಳು ಎರಡು ಗಂಟೆ ಬಿಸಿಯಾಗಿದ್ದು ಆರಿದವು. ಎರಡನೇ ಸಲ ನೂಕಿದಾಗ ಒಂದೇ ಗಂಟೆ. ಪ್ರತಿ ಸಲವೂ ಬೋರಿನ ತಣ್ಣೀರು ನುಗ್ಗಿ ಸೋಲಾರ್ ಟ್ಯಾಂಕಿನ ಬಿಸಿಯನ್ನೂ ಕೊಲ್ಲುತ್ತಿತ್ತು. ಮೋಡಕ್ಕೆ ಸೋಲಾರ್ ಕೆಲಸ ಮಾಡದು, ಕಾಯಿಲಿಗೆ ಅಷ್ಟು ನೀರು ಕಾಯಿಸಲು ಅರ್ಧ ದಿನ ಬೇಕು.

ಅಮ್ಮ ಉಣ್ಣೆಯ ಕೈಗವಸು ಹಾಕಿಕೊಂಡು, ಅದರ ಮೇಲೆ ಇನ್ನೊಂದು ಹಾಕಿಕೊಂಡು ಹಾಲಿನಲ್ಲಿ ಕೂತಿದ್ದರು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬ್ಯಾಗು. "ಏನ್ ಮೇಸ್ತ್ರಿ, ನಿಮ್ಮ ರೇಡಿಯೇಟರ್‌ಗಿಂತ ನಮ್ಮ ಯಜಮಾನ್ರ ಸಿಟ್ಟೇ ಬಿಸಿ ಇದೆ ಇವತ್ತು" ಎಂದರು.

"ಇನ್ನೊಂದೇ ದಿನ ತಡ್ಕೊಳ್ಳಿ ಅಮ್ಮ" ಎಂದೆ.

"ನಾನೆಲ್ಲಿಗ್ ಹೋಗ್ತೀನಿ" ಎಂದು ನಕ್ಕರು.

ಸಂಜೆ ಹಲಸೂರಿಗೆ ಹೋದರೆ ಅಂಗಡಿಯಲ್ಲಿ ಕತ್ತಲೆ. ಮಳೆಗೆ ಎಲ್ಲೋ ಕೇಬಲ್ ಹೋಗಿ ಇಡೀ ಬೀದಿಗೆ ಮಧ್ಯಾಹ್ನದಿಂದ ಕರೆಂಟಿರಲಿಲ್ಲ. ಕತ್ತರಿಸಿದ ಕಬ್ಬಿಣದ ಆಂಗ್ಲುಗಳು ನೆಲದ ಮೇಲೆ ಬಿದ್ದಿದ್ದವು. "ನನ್ ಕೈಲಿ ಏನಿದೆ ಭಾಯ್? ಕರೆಂಟ್ ಬಂದ್ರೆ ಮೊದ್ಲು ನಿಮ್ದೇ" ಎಂದ. ಬುಧವಾರ ಬೆಳಿಗ್ಗೆ ಹೋದೆ, ಕರೆಂಟಿಲ್ಲ. ಶಿವಾಜಿನಗರದ ಇನ್ನೊಂದು ಅಂಗಡಿಗೆ ಹೋಗಿ ಕೇಳಿದೆ, ಅವರು ಶನಿವಾರ ಎಂದರು. ಮಧ್ಯಾಹ್ನ ವಾಪಸ್ ಬಂದು ಮತ್ತೆ ನೀರು ನೂಕಿದೆ. ಅರ್ಧ ಗಂಟೆಯೂ ನಿಲ್ಲಲಿಲ್ಲ.

ಬುಧವಾರ ಸಾರ್ ಬೇರೆ ದಾರಿ ಕಾಣದೆ ಕರೆಂಟಿನ ಹೀಟರ್ ತಂದು ಹಚ್ಚಿದರು. ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಮುಖ ಕೆಂಪೇರಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ಅವರೇ ಕೈ ಬೀಸಿ ಆರಿಸಿ ಎಂದರು. ಸಾರ್ ಅವರ ಬೆನ್ನು ನೀವುತ್ತಾ ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ರೆಂಚು ಹಿಡಿದು ನಿಂತಿದ್ದೆ. ಮೇಲೆ ಹೋಗಿ ಒಂದು ಗಂಟೆಯಲ್ಲಿ ಮುಗಿಸಬಹುದಾದ ಕೆಲಸವನ್ನು ನಾನು ಎದೆಯಲ್ಲಿಟ್ಟುಕೊಂಡು ನಿಂತಿದ್ದೆ. ಆಗಲಾದರೂ ಬಾಯಿಬಿಡಬೇಕಿತ್ತು. "ಸಾರ್, ಅಮ್ಮ ಇನ್ನು ತಾರಸಿಗೆ ಬರಲ್ಲ" ಎಂಬ ಮಾತನ್ನು ಅವರ ಎದುರಿಗೇ, ಅಮ್ಮನ ಬೆನ್ನ ಮೇಲೆ ಅವರ ಕೈ ಇರುವಾಗ ಹೇಗೆ ಹೇಳುವುದು? ಹೇಳಲಿಲ್ಲ. ನಾಳೆ ಸ್ಟ್ಯಾಂಡ್ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸ್ಟ್ಯಾಂಡ್ ಗುರುವಾರ ಹನ್ನೊಂದಕ್ಕೆ ಆಟೋದಲ್ಲಿ ಬಂತು. ಬಲವಾದ ಕೆಲಸ, ಅಳತೆಯೂ ಸರಿ. ನಾನು, ಸಾರ್, ಆಟೋದವನು ಮೂವರೂ ಸೇರಿ ಮೆಟ್ಟಿಲು ಹತ್ತಿಸಿದೆವು. ಮೊದಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಅಡ್ಡ ಹಿಡಿದೆವು, ಓರೆ ಮಾಡಿದೆವು, ತಲೆಕೆಳಗು ಮಾಡಿದೆವು. ನಾಲ್ಕು ಬೆರಳಿನಷ್ಟು ಜಾಗ ಸಾಲದು. ತಾರಸಿಯ ಅಳತೆ ತೆಗೆದುಕೊಂಡ ನಾನು ಮೆಟ್ಟಿಲಿನ ಅಳತೆ ತೆಗೆದುಕೊಂಡಿರಲಿಲ್ಲ. ಹೊರಗಿನಿಂದ ಹಗ್ಗ ಕಟ್ಟಿ ಎಳೆಯೋಣವೆಂದರೆ ಮನೆಯ ಮುಂದೆ ಕರೆಂಟಿನ ತಂತಿ, ಹಿಂದೆ ಪಕ್ಕದವರ ಗೋಡೆ. ಆಟೋದವನು ಬಾಡಿಗೆಗೆ ಹೊತ್ತಾಯಿತೆಂದು ಹೊರಟ.

"ಎರಡು ತುಂಡು ಮಾಡಿ ಮೇಲೆ ಬೆಸೆಯೋಣ" ಎಂದರು ಸಾರ್. ಅವರ ಬಿಳಿ ಅಂಗಿಗೆಲ್ಲ ಸ್ಟ್ಯಾಂಡಿನ ರೆಡ್ ಆಕ್ಸೈಡ್ ಬಣ್ಣ ಮೆತ್ತಿತ್ತು. "ವೆಲ್ಡಿಂಗ್ ಮೆಷಿನ್ ತಗೊಂಡ್ ಬರೋಕೆ ಹೇಳಿ ಅವನಿಗೆ."

ಅವನಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ಬರುತ್ತೇನೆ ಎಂದ. ಅದನ್ನು ಅಮ್ಮನಿಗೆ ಹೇಳಲು ಅಡುಗೆಮನೆಗೆ ಹೋದೆ.

ಅಮ್ಮ ಮೇಜಿನ ಮುಂದೆ ಕೂತಿದ್ದರು. ಪಕ್ಕದ ಮನೆಯವರ ಕ್ರಿಸ್‌ಮಸ್ ನಕ್ಷತ್ರದ ಲೈಟು ಕೆಟ್ಟಿತ್ತಂತೆ, ಅದನ್ನು ಬಿಚ್ಚಿಟ್ಟುಕೊಂಡಿದ್ದರು. ಸೋಲ್ಡರಿಂಗ್ ಐರನ್ ಸ್ಟ್ಯಾಂಡಿನ ಮೇಲೆ ಕಾಯುತ್ತಿತ್ತು. ಕೈಗವಸು ತೆಗೆದು ಪಕ್ಕಕ್ಕಿಟ್ಟು, ಒಂದು ತಂತಿಯನ್ನು ಹಿಡಿಯಲು ನೋಡುತ್ತಿದ್ದರು. ಹಿಡಿಯುತ್ತಾರೆ, ಜಾರುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಜಾರುತ್ತದೆ. ಮೂರು ದಿನದಿಂದ ಅವರ ಕೈಯನ್ನು ಬರಿದಾಗಿ ನೋಡಿದ್ದು ಅದೇ ಮೊದಲು.

"ಅಮ್ಮ, ಬೆರಳಿಗೆ ಮಸಿ ಆಗಿದೆ" ಎಂದೆ.

ಅಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ತೋರುಬೆರಳು, ನಡುಬೆರಳು, ಎರಡರ ತುದಿಯೂ ಕಪ್ಪಾಗಿತ್ತು. ಸೆರಗಿನಿಂದ ಒರೆಸಿದರು. ಎಂಜಲು ಹಚ್ಚಿ ಇನ್ನೊಂದು ಸಲ ಒರೆಸಿದರು. ಆಮೇಲೆ ಎಡಗೈಯ ಉಗುರಿನಿಂದ ಆ ಕಪ್ಪನ್ನು ಚುಚ್ಚಿದರು.

"ಮಸಿ ಅಲ್ಲ ಅನ್ಸುತ್ತೆ ಮೇಸ್ತ್ರಿ" ಎಂದರು. ದನಿ ಯಾವಾಗಿನ ಹಾಗೆಯೇ ಇತ್ತು. "ಅವ್ರಿಗೆ ಈಗ್ಲೇ ಹೇಳ್ಬೇಡಿ. ಪಾಪ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಸ್ಕೂಟರಿನ ಡಬ್ಬಿಯಿಂದ ಹ್ಯಾಕ್ಸಾ ತೆಗೆದುಕೊಂಡು, ಡೈ ಸೆಟ್ಟು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದ ಸ್ಟ್ಯಾಂಡಿನ ಕೆಳಗೆ ನುಸುಳಿ ತಾರಸಿಗೆ ಹೋದೆ. ಪಂಪು ಆರಿಸಿದೆ. ಎರಡೂ ಕಡೆಯ ಗೇಟ್ ವಾಲ್ವ್ ಮುಚ್ಚಿದೆ. ಕಮಾನಿನ ಕಾಲಿಗೆ ಹ್ಯಾಕ್ಸಾ ಇಟ್ಟೆ.

ಸದ್ದು ಕೇಳಿ ಸಾರ್ ಓಡಿಬಂದರು. "ಏನ್ರೀ ಮಾಡ್ತಿದೀರಾ? ನಾಳೆ ವೆಲ್ಡರ್ ಬರ್ತಾನಲ್ಲ!"

"ನಾಳೆವರೆಗೆ ಆಗಲ್ಲ ಸಾರ್. ಇದನ್ನ ತೆಗೀತಿದೀನಿ."

"ನಾನು ಬೇಡ ಅಂದಿದ್ದೆ."

"ಹೌದು ಸಾರ್, ಅಂದಿದ್ರಿ. ಕೆಳಗ್ ಹೋಗಿ ಅಮ್ಮನ ಬಲಗೈ ನೋಡ್ಕೊಂಡ್ ಬನ್ನಿ" ಎಂದೆ. ಅಮ್ಮ ಬೇಡವೆಂದ ಮಾತನ್ನು ಹೇಳಿಯೇಬಿಟ್ಟೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡದ್ದು ಸಾಕಾಗಿತ್ತು.

ಅವರು ಹೋದರು. ನಾನು ಕೊಯ್ಯುತ್ತಲೇ ಇದ್ದೆ. ಮೊದಲ ಕಾಲು ಬಿಡುವ ಹೊತ್ತಿಗೆ ಅವರು ಮತ್ತೆ ಮೇಲೆ ಬಂದಿದ್ದರು. ನಾನು ಎರಡನೇ ಕಾಲಿಗೆ ಹ್ಯಾಕ್ಸಾ ಹಾಕಿದಾಗ, ಕಮಾನು ವಾಲಿ ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತರು. ತುಂಡಾದಾಗ ಅದರ ಭಾರವನ್ನೆಲ್ಲ ಎದೆಗೆ ತಂದುಕೊಂಡು ನಿಧಾನವಾಗಿ ನೆಲಕ್ಕೆ ಇಳಿಸಿದರು. ಒಳಗಿನಿಂದ ಒಂದು ಚೊಂಬಿನಷ್ಟೂ ನೀರು ಬರಲಿಲ್ಲ.

ಮುಂದಿನದೆಲ್ಲ ದಿನಾ ಮಾಡುವ ಕೆಲಸ. ಮೇಲಿನ ಅಡ್ಡ ಪೈ‍ಪನ್ನು ಬಿಚ್ಚಿ, ತುದಿಗೆ ಹೊಸ ತಿರುಪು ಕೊರೆದು, ಟೇಪು ಸುತ್ತಿ, ಯೂನಿಯನ್ ಹಾಕಿ ನೆಲಮಟ್ಟದಲ್ಲಿ ಕೂರಿಸಿದೆ. ದಾರಿಯ ಅಗಲಕ್ಕೆ ಅದು ಸರಿಯಾಗಿ ಕೂತಿತು. ಸಾರ್ ರೆಂಚು ಬೇಕಾದಾಗ ರೆಂಚು ಕೊಟ್ಟರು, ಎಣ್ಣೆ ಬೇಕಾದಾಗ ಎಣ್ಣೆ. ವಾಲ್ವ್ ತೆರೆದೆ, ಟ್ಯಾಂಕಿನ ನೀರು ತನ್ನ ಪಾಡಿಗೆ ತಾನು ಇಳಿದುಕೊಂಡು ಹೋಯಿತು. ಕೆಳಗೆ ಬಂದು ಮೂರೂ ರೇಡಿಯೇಟರಿನ ಗಾಳಿ ಬಿಟ್ಟೆ. ಪಂಪಿನ ಸದ್ದು ಮೆತ್ತಗಾಯಿತು. ಗೋಡೆಯ ಗಡಿಯಾರ ನೋಡಿದೆ. ಹ್ಯಾಕ್ಸಾ ಇಟ್ಟಲ್ಲಿಂದ ಐವತ್ತು ನಿಮಿಷ.

ಆ ರೇಡಿಯೇಟರುಗಳು ಮತ್ತೆ ತಣ್ಣಗಾಗಲಿಲ್ಲ. ಅಮ್ಮ ಅಡುಗೆಮನೆಯದಕ್ಕೆ ಎರಡೂ ಕೈ ಒತ್ತಿ ಕೂತರು. ಎಡಗೈಗೆ ಬಣ್ಣ ಬಂತು. ಬಲಗೈಯ ಉಂಗುರದ ಬೆರಳು, ಕಿರುಬೆರಳು ಗುಲಾಬಿಯಾದವು. ಆ ಎರಡು ತುದಿಗಳು ಮಾತ್ರ ಹಾಗೇ ಉಳಿದವು. ಸಾರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಬೆರಳುಗಳನ್ನೇ ನೋಡುತ್ತಾ, "ಬಿಸಿ ತಾಗ್ತಿದೆಯೇನೇ? ಸ್ವಲ್ಪನಾದ್ರೂ ತಾಗ್ತಿದೆಯಾ?" ಎಂದು ಕೇಳುತ್ತಿದ್ದರು.

"ತಾಗ್ತಿದೆ ರೀ" ಎಂದರು ಅಮ್ಮ. ನಾನು ಆ ಕಡೆ ನೋಡಲಾರದೆ ಸಾಮಾನು ತುಂಬಿಕೊಂಡೆ.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತ ತೆಳುವಾಗುವ ಔಷಧಿಯನ್ನು ಐದು ದಿನ ನರಕ್ಕೆ ಹಾಕಿ ನೋಡಿದರಂತೆ. ಎರಡು ವಾರದ ಮೇಲೆ ಎರಡೂ ಬೆರಳಿನ ತುದಿಯ ಗೆಣ್ಣನ್ನು ತೆಗೆಯಬೇಕಾಯಿತು. ಈ ನಾಲ್ಕು ದಿನದಿಂದಲೇ ಹೀಗಾಯಿತೇ ಎಂದು ಸಾರ್ ಡಾಕ್ಟರನ್ನು ಕೇಳಿದರಂತೆ. ಹೇಳಲು ಬರುವುದಿಲ್ಲ, ಕಾಯಿಲೆ ಮೊದಲೇ ಮುಂದುವರಿದಿತ್ತು ಎಂದರಂತೆ ಡಾಕ್ಟರು. ಫೋನಿನಲ್ಲಿ ಸಾರ್ ಇದನ್ನು ಹೇಳಿದಾಗ ನನಗೆ ಅದರಿಂದ ಒಂದು ಚೂರೂ ನೆಮ್ಮದಿಯಾಗಲಿಲ್ಲ. ಆ ಬೆರಳ ತುದಿಗಳು ನಾನು ಹೋದ ಸೋಮವಾರ ಇದ್ದವು, ಈಗ ಇಲ್ಲ. ನನಗೆ ತಿಳಿಯುವ ಲೆಕ್ಕ ಅಷ್ಟೇ.

ಆಮೇಲೆ ಒಂದು ತಿಂಗಳು ಆ ಕಡೆ ಹೋಗಲು ಕಾಲು ಬರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಸಾರೇ ಫೋನು ಮಾಡಿ, ಹೊಸ ಯೂನಿಯನ್ ಹತ್ತಿರ ಸ್ವಲ್ಪ ಜಿನುಗುತ್ತಿದೆ, ಬಂದು ನೋಡಿ ಎಂದರು. ಹೋದೆ. ಅಮ್ಮ ಹಾಲಿನಲ್ಲಿದ್ದರು. ಬಲಗೈಗೆ ಇನ್ನೂ ಬ್ಯಾಂಡೇಜು. ಕೋಣೆ ಎಷ್ಟು ಬೆಚ್ಚಗಿತ್ತೆಂದರೆ ಕಿಟಕಿಯ ಒಂದು ಬಾಗಿಲು ತೆರೆದಿಟ್ಟಿದ್ದರು.

"ಎಲ್ಲಿ ಮೇಸ್ತ್ರಿ, ಕಾಣೋದೇ ಇಲ್ಲ! ನೋಡಿ, ಎಡಗೈಲಿ ಐರನ್ ಹಿಡಿಯೋದು ಕಲೀತಿದೀನಿ" ಎಂದು, ಬೆಸುಗೆ ಹಾಕಿದ ಒಂದು ಸರ್ಕ್ಯೂಟ್ ಹಲಗೆ ತೋರಿಸಿದರು. ಬೆಸುಗೆ ಅಲ್ಲಲ್ಲಿ ಗಡ್ಡೆಕಟ್ಟಿತ್ತು. ಕಾರ್ಖಾನೆಯಲ್ಲಾಗಿದ್ದರೆ ಅವರೇ ಅದನ್ನು ವಾಪಸ್ ಕಳಿಸುತ್ತಿದ್ದರು.

"ಚೆನ್ನಾಗಿದೆ ಅಮ್ಮ" ಎಂದೆ.

"ಸುಳ್ಳು ಹೇಳೋಕ್ಕೂ ಬರಲ್ಲ ನಿಮ್ಗೆ" ಎಂದರು.

ತಾರಸಿಗೆ ಹೋದೆ. ಒಳ್ಳೆಯ ಬಿಸಿಲಿತ್ತು. ಸಾರ್ ಬಟ್ಟೆ ಒಣಗಿಸುತ್ತಿದ್ದರು. ಬಕೆಟ್ ಹಿಡಿದು ಬರುವಾಗ ಆ ಪೈಪಿನ ಮುಂದೆ ನಿಂತು, ಒಂದೊಂದೇ ಕಾಲು ಎತ್ತಿ ದಾಟಿದರು. ನಾನು ಕೂತು ಯೂನಿಯನ್ ಬಿಗಿ ಮಾಡಿದೆ. ಅರ್ಧ ಸುತ್ತಿನ ಕೆಲಸ. ಅದನ್ನು ಅವರೇ ಮಾಡಿಕೊಳ್ಳಬಹುದಿತ್ತು. ಮೂವತ್ತು ವರ್ಷ ಟೂಲ್‌ರೂಮಿನಲ್ಲಿದ್ದವರು ಅರ್ಧ ಸುತ್ತಿಗೆ ನನ್ನನ್ನು ಯಾಕೆ ಕರೆಸಿದರು ಎಂದು ಯೋಚಿಸುತ್ತಿರುವಾಗಲೇ ಅವರು ಕೇಳಿದರು.

"ಒಂದು ಮಾತು ಕೇಳ್ತೀನಿ. ಮರೆಮಾಚ್ದೆ ಹೇಳ್ಬೇಕು. ಕಮಾನು ಕಟ್ ಮಾಡಿದ್ರೆ ಒಂದ್ ಗಂಟೇಲಿ ಆಗೋಗುತ್ತೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಉತ್ತರವನ್ನೂ ಹೊಂದಿಸಿಟ್ಟುಕೊಂಡಿದ್ದೆ. ಗುರುವಾರವೇ ಹೊಳೆಯಿತು ಸಾರ್ ಎನ್ನಬೇಕೆಂದಿದ್ದೆ. ಬಾಯಿಗೆ ಬರಲಿಲ್ಲ.

"ಸೋಮವಾರಾನೇ ಸಾರ್. ನೀವು ಮೇಲೆ ಬರೋಕ್ ಮುಂಚೇನೇ" ಎಂದೆ.

ಬೈಯಲಿ ಎಂದು ಕಾದೆ. ಬೈದರೆ ಒಳ್ಳೆಯದಿತ್ತು. ಅವರು ತಂತಿಗೆ ಹಾಕಿದ್ದ ಟವೆಲನ್ನು ಎರಡು ಸಲ ಸರಿಮಾಡಿದರು.

"ನನಗೂ ಸೋಮವಾರಾನೇ ಗೊತ್ತಾಯ್ತು" ಎಂದರು.

ಕೆಳಗೆ ಅಮ್ಮ ಯಾರಿಗೋ ಫೋನಿನಲ್ಲಿ ಮಿಕ್ಸಿ ತಂದುಕೊಡಿ ನೋಡುತ್ತೇನೆ ಎಂದು ಹೇಳುತ್ತಿದ್ದುದು ಮೆಟ್ಟಿಲ ಮೂಲಕ ಕೇಳಿಸುತ್ತಿತ್ತು. ಸಾರ್ ಬಕೆಟ್ಟಿನಿಂದ ಒದ್ದೆ ಹೊದಿಕೆ ತೆಗೆದು, ಒಂದು ತುದಿಯನ್ನು ನನ್ನ ಕಡೆ ಚಾಚಿದರು. ನಾನು ಹಿಡಿದುಕೊಂಡೆ. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ, ನೀರು ನಿಲ್ಲುವವರೆಗೆ ಹಿಂಡಿದೆವು.